ಕೈಕಟ್ಟಿ ನೋಡಿದ ಕುದುರೆ ಶರ್ಯತ್ತು

ರೇಸ್ ಎಂದರೆ ನನಗೆ ಗೊತ್ತಿದ್ದದ್ದು ಪುಣೆಯ ರೇಸ್‌ಕೋರ್ಸು ಮಾತ್ರ. ಮದುವೆಯಾದ ಹೊಸದರಲ್ಲಿ ನಮ್ಮವರು ಸೀಸನ್ನಿಗೊಮ್ಮೆ ಕರೆದುಕೊಂಡು ಹೋಗುತ್ತಿದ್ದರು. ಹೆಂಗಸರೆಲ್ಲ ಶಿಫಾನ್ ಸೀರೆ, ಮುತ್ತಿನ ಸರ, ಕೈಯಲ್ಲಿ ಪುಟ್ಟ ಬೈನಾಕ್ಯುಲರ್. ಕುದುರೆಗಳು ಎಲ್ಲೋ ದೂರದಲ್ಲಿ ಬಣ್ಣದ ಚುಕ್ಕೆಗಳ ಹಾಗೆ ಓಡುತ್ತಿದ್ದವು. ಗಂಡಸರು ಎದ್ದು ನಿಂತು ಕೂಗುತ್ತಿದ್ದಾಗ ನಾನು ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತಿರುತ್ತಿದ್ದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಲೆಗೆ ತುಂಬಿದ್ದೇ ಅದು: ಎ ಲೇಡಿ ನೆವರ್ ಶೌಟ್ಸ್. ನಮ್ಮವರು ಒಮ್ಮೊಮ್ಮೆ ನನ್ನ ಕಡೆ ತಿರುಗಿ, “ಒಂದ್ಸಲ ಕೂಗಿ ನೋಡು, ಜೀವ ಹಗುರಾಗ್ತದ” ಎನ್ನುತ್ತಿದ್ದರು. ನಾನು ಸುಮ್ಮನೆ ನಗುತ್ತಿದ್ದೆ. ಈಗ ಅವರಿಲ್ಲ. ಬೈನಾಕ್ಯುಲರ್ ಮಾತ್ರ ಕಪಾಟಿನಲ್ಲಿದೆ.

ಹೋದ ಬೇಸಿಗೆಯಲ್ಲಿ ಬಾದಾಮಿಯಿಂದ ನನ್ನ ಗೆಳತಿಯ ಫೋನ್ ಬಂತು. ಆಕೆ ಇಳಕಲ್ಲಿನ ನೇಕಾರರ ಮನೆಯ ಮಗಳು. ಆ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಇಂಗ್ಲಿಷ್ ಪೊಯೆಮ್ಮನ್ನು ಮಗ್ಗದ ಲಾಳಿ ಓಡಿದ ಹಾಗೆ ಟಕಟಕ ಓದಿ ದಿನಾ ಬೈಸಿಕೊಳ್ಳುತ್ತಿದ್ದಳು. ಮುಂದೆ ಬಾದಾಮಿಯ ಹೈಸ್ಕೂಲಿನಲ್ಲಿ ಟೀಚರಾಗಿ, ಹೆಡ್‌ಮಿಸ್ಟ್ರೆಸ್ ಆಗಿ, ರಿಟೈರಾಗಿ, ಅಲ್ಲೇ ಮನೆ ಕಟ್ಟಿಸಿದಳು. ಈ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಅರ್ಧ ತಾಲ್ಲೂಕಿನ ಗಂಡಸರಿಗೆ ಆಕೆ ಇನ್ನೂ ಅಕ್ಕೋರೇ.

“ಚೊಳಚಗುಡ್ಡದ ಹತ್ರ ಕುದರಿ ಗಾಡಿ ಶರ್ಯತ್ತು ಐತಿ” ಎಂದಳು. “ಬಿಸಲು ಭಾಳ ಅಂತ ಹುಡುಗೂರು ಈ ಸಲ ಹೊನಲು ಬೆಳಕಿನ್ಯಾಗ ಇಟ್ಟಾರ. ಬಾ.”

“ಈ ವಯಸ್ಸಿನ್ಯಾಗ ರೇಸಾ? ಬಿ ಸೀರಿಯಸ್.”

“ನಿನ್ನ ವಯಸ್ಸು ನನಗ ಗೊತ್ತೈತಿ, ಅದರ ಮುಂದ ನನ್ನ ವಯಸ್ಸೇನ ಸಣ್ಣದಲ್ಲ. ಬಾ ಅಂದ್ರ ಬಾ. ಮರುದಿನ ಇಳಕಲ್ಲಿಗೆ ಹೋಗಿ ಸೀರಿ ತರೂಣು.”

ಸೀರೆಯ ಮಾತು ಬಂದ ಮೇಲೆ ಇಲ್ಲ ಎನ್ನಲಾಗಲಿಲ್ಲ. ಕಪಾಟಿನಲ್ಲಿದ್ದ ಬೈನಾಕ್ಯುಲರನ್ನೂ ಬ್ಯಾಗಿಗೆ ಹಾಕಿಕೊಂಡೆ. ಪುಣೆಯಿಂದ ಹೊರಟ ರೈಲು ಸೊಲ್ಲಾಪುರ ದಾಟಿ, ವಿಜಯಪುರ ದಾಟಿ, ಬಾಗಲಕೋಟೆಯಲ್ಲಿ ನಿಂತಾಗ ಕಿಟಕಿಯಿಂದ ಸುಮ್ಮನೆ ನೋಡಿದೆ. ನಾನು ಹುಟ್ಟಿದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಒಬ್ಬ ಹುಡುಗಿ ಚಹಾ ಬೇಕೇ ಎಂದು ಕೇಳಿದಳು, ತೆಗೆದುಕೊಂಡೆ. ಬಾದಾಮಿಯಲ್ಲಿ ಇಳಿದಾಗ ಗೆಳತಿ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು, ಗುಲಾಬಿ ಬಣ್ಣದ ಇಳಕಲ್ ಸೀರೆಯಲ್ಲಿ. ನನ್ನ ಅಗಲ ಅಂಚಿನ ಸ್ಟ್ರಾ ಹ್ಯಾಟ್ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಯವ್ವಾ, ಇದೇನಿದು ತಲಿಮ್ಯಾಲ ಮೊರ ಕವಿಚಿಕೊಂಡ ಬಂದಿ?”

“ರೇಸಿಗೆ ಹ್ಯಾಟ್ ಹಾಕ್ತಾರ. ಇಟ್ ಈಸ್ ಪ್ರಾಪರ್.”

“ಇಲ್ಲಿ ಕುದರಿ ಬೆದರ್ತಾವು, ಅಷ್ಟ.”

ಸ್ಟೇಷನ್ನಿನ ಹೊರಗೆ ಆಟೋಗಳ ಸಾಲು. ಆ ಸಾಲಿನ ಕೊನೆಯಲ್ಲಿ, ಬೇವಿನ ಮರದ ಕೆಳಗೆ, ಒಂದೇ ಒಂದು ಟಾಂಗಾ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿಯ ಮಚ್ಚೆ. ಟಾಂಗಾದವರು ನಮ್ಮಷ್ಟೇ ವಯಸ್ಸಿನವರು, ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಗೆಳತಿ ಅವರನ್ನು ಚಾಚಾ ಎಂದು ಕರೆದಳು. ಊರಿನಲ್ಲಿ ಉಳಿದಿರುವ ಟಾಂಗಾ ಇದೊಂದೇ. ತಾನು ಬೇರೆ ಯಾವುದನ್ನೂ ಹತ್ತುವುದಿಲ್ಲ ಎಂದು ನನಗೆ ಹೇಳಿದಳು.

ಊರ ಕಡೆ ಹೊರಟು ಸ್ವಲ್ಪ ದೂರ ಹೋಗಿದ್ದೆವು. ರಸ್ತೆಯ ಪಕ್ಕದ ಮನೆಯ ಮುಂದೆ ಒಬ್ಬಾಕೆ ತಂತಿಯ ಮೇಲೆ ಸೀರೆ ಒಣಹಾಕಲು ಕೈ ಎತ್ತಿದಳು. ಕುದುರೆ ನಿಂತೇಬಿಟ್ಟಿತು. ಆಕೆ ನಮ್ಮನ್ನು ನೋಡಿ ನಕ್ಕು, “ಚಾಚಾ, ನಾ ಬರಂಗಿಲ್ರಿ, ನಡೀರಿ” ಎಂದಳು. ಕುದುರೆ ಅಲುಗಲಿಲ್ಲ. ಚಾಚಾ ನಿಟ್ಟುಸಿರು ಬಿಟ್ಟು ಕೆಳಗಿಳಿದರು, ಹಿಂದೆ ಬಂದು ಮೆಟ್ಟಿಲಿನ ಮೇಲೆ ಕಾಲಿಟ್ಟು ಒಮ್ಮೆ ಜಗ್ಗಿ ತುಳಿದರು. ಗಾಡಿ ಹಿಂದಕ್ಕೆ ವಾಲಿತು. ಪ್ಯಾಸೆಂಜರ್ ಹತ್ತಿದರು ಎಂದುಕೊಂಡು ಕುದುರೆ ಹೆಜ್ಜೆ ಹಾಕಿತು. ಚಾಚಾ ಓಡಿಬಂದು ಮುಂದೆ ಏರಿದರು.

“ಹುಟ್ಟಿದಾಗಿಂದ ಇದs ಕೆಲಸ ನೋಡ್ರಿ ಅಮ್ಮಾ” ಎಂದು ನನಗೆ ಹೇಳಿದರು. “ಯಾರರೆ ಕೈ ಎತ್ತಿದ್ರ ನಿಲ್ತಾಳ. ಹಿಂದ ಭಾರ ಬಿದ್ದ ಮ್ಯಾಲೇ ಹೊಂಡ್ತಾಳ. ನಾ ಕಲಿಸಿದ್ದಲ್ಲ, ತಾನಾಗೇ ಕಲ್ತಾಳ.”

ಮುಂದೆ ಒಬ್ಬ ಹುಡುಗ ಸೆಲ್ಫಿಗೆಂದು ಫೋನ್ ಎತ್ತಿದ, ನಿಂತಿತು. ಒಬ್ಬರು ತಲೆ ಕೆರೆದುಕೊಂಡರು, ನಿಂತಿತು. “ಶಿ ಈಸ್ ಸೋ ಪೊಲೈಟ್!” ಎಂದು ನಾನು ನಗುತ್ತಿದ್ದೆ. ಆದರೆ ನಾಲ್ಕನೆಯ ಸಲ ನಿಂತದ್ದು ದೊಡ್ಡ ರಸ್ತೆಯ ನಡುವೆ. ಹಿಂದಿನಿಂದ ಬರುತ್ತಿದ್ದ ಲಾರಿಯ ಬ್ರೇಕು ಕಿರುಗುಟ್ಟಿತು. ಗಾಡಿಯ ಹಿಂದೆ ಒಂದು ಮಾರು ದೂರದಲ್ಲಿ ಅದರ ಮುಖ ಕಾಣಿಸಿತು. ನನ್ನ ನಗು ಅಲ್ಲಿಗೇ ಬತ್ತಿತು.

ಲಾರಿಯವನು ಬೈದು ಹೋದ ಮೇಲೆ ಒಂದು ಆಟೋ ಬಂದು ನಮ್ಮ ಪಕ್ಕಕ್ಕೆ ನಿಂತಿತು. ಅದರಿಂದ ಇಳಿದ ಯುವಕನ ಮುಖ ಬೆಳ್ಳಗಾಗಿತ್ತು. ಚಾಚಾನ ಮಗ.

“ನೋಡಿದ್ರಿಲ್ಲ ಅಕ್ಕೋರ? ಇದನ್ನs ನಾ ದಿನಾ ಹೇಳೂದು. ಒಂದಿನ ಹಿಂದಿಂದ ಗುದ್ದಿದ್ರ ನಮ್ಮಬ್ಬಾನ ನಾ ಎಲ್ಲಿ ಹುಡುಕ್ಲಿ?”

“ನಂಗೇನೂ ಆಗೂದಿಲ್ಲ ಬಿಡೋ” ಎಂದರು ಚಾಚಾ.

“ನಿನಗ ಆಗೂದಿಲ್ಲ. ಆಗೂದು ನನಗ.”

ಮಗ ಟಾಂಗಾದ ಹಿಂದೆಯೇ ಆಟೋ ಓಡಿಸಿಕೊಂಡು ಗೆಳತಿಯ ಮನೆಯ ತನಕ ಬಂದ. ಅಲ್ಲಿ ಚಹಾ ಕುಡಿಯುವಾಗ ಎಲ್ಲ ತಿಳಿಯಿತು. ಗದಗಿನ ಕಡೆಯ ಮದುವೆ ಬ್ಯಾಂಡಿನವರು ಮದುಮಕ್ಕಳ ಮೆರವಣಿಗೆಗೆ ಕುದುರೆ ಹುಡುಕುತ್ತಿದ್ದರು. ಸೋಮವಾರ ಬಂದು ಕರೆದೊಯ್ಯುತ್ತೇವೆ ಎಂದಿದ್ದರು. ಮಗನಿಗೆ ಅದು ಒಪ್ಪಿಗೆ. ಚಾಚಾಗೆ ಬ್ಯಾಂಡಿನ ಸದ್ದಿನ ನಡುವೆ ತನ್ನ ಕುದುರೆ ನಿಲ್ಲುವುದನ್ನು ನೆನೆದರೇ ಸಂಕಟ. ಕೊನೆಗೆ ತಂದೆ ಮಗ ಒಂದು ಶರ್ತಕ್ಕೆ ಬಂದಿದ್ದರು. ಆ ರಾತ್ರಿಯ ಶರ್ಯತ್ತಿನಲ್ಲಿ ಕುದುರೆ ನಡುವೆ ಎಲ್ಲಿಯೂ ನಿಲ್ಲದೆ ಓಡಿದರೆ, ಲಗಾಮಿನ ಮಾತು ಕೇಳುತ್ತದೆ ಎಂದರ್ಥ, ಇರಲಿ. ನಿಂತರೆ ಹೋಗಲಿ. ಗೆಲ್ಲುವುದು ಸೋಲುವುದು ಬೇರೆ ಮಾತು.

ಚಾಚಾನ ಮಣಿಕಟ್ಟಿನಲ್ಲಿ ಈಗ ಓಟದ ಲಗಾಮು ಹಿಡಿಯುವ ಬಲವಿಲ್ಲ. ಹಾಗಾಗಿ ಓಡಿಸುವವನು ಮಗನೇ, ಅಂದರೆ ಅವಳು ಹೋಗಲಿ ಎನ್ನುತ್ತಿದ್ದವನೇ.

“ಓಡ್ತಾಳ, ಅದರಾಗ ಏನೂ ಸಂಶಯ ಇಲ್ಲ” ಎಂದರು ಚಾಚಾ. “ಹರೇದಾಗ ಭಾಳ ಓಡ್ಯಾಳ. ಆದ್ರ ಶರ್ಯತ್ತು ನೋಡೂ ಮಂದಿ ಕೈ ಎತ್ತದs ಇರ್ತಾರೇನ್ರಿ?”

ನಾನು ಸುಮ್ಮನೆ ನೆನಪಿಗೆ ಬಂದದ್ದನ್ನು ಹೇಳಿದೆ: “ನಮ್ಮ ಸ್ಪೋರ್ಟ್ಸ್ ಡೇ ನೆನಪೈತೇನ? ಸಿಸ್ಟರ್ ಆರ್ಮ್ಸ್ ಫೋಲ್ಡ್ ಮಾಡಿಸಿ ಕೂಡಿಸ್ತಿದ್ರು. ಚಪ್ಪಾಳಿ ಸೈತ ಓಟ ಮುಗದ ಮ್ಯಾಲ.”

ಗೆಳತಿಯ ಕೈಯಲ್ಲಿದ್ದ ಚಹಾದ ಕಪ್ ಬಾಯಿಯ ಹತ್ತಿರವೇ ನಿಂತಿತು. “ಅದನ್ನs ಮಾಡೂಣು” ಎಂದಳು.

“ಏನ್ ಮಾಡೂಣು?”

“ಮಂದಿ ಕೈ ಕಟ್ಟಸೂಣು.”

ಚಾಚಾ ನಕ್ಕರು. ಮಗ ನಗಲಿಲ್ಲ. “ಬೇಕಾದ್ದು ಮಾಡ್ರಿ ಅಕ್ಕೋರ. ಆದ್ರ ನಿಂತ್ಲು ಅಂದ್ರ ನಿಂತ್ಲು. ಆಮ್ಯಾಲ ಮಾತಿಲ್ಲ.”

ಹೊತ್ತು ಮುಳುಗುವಷ್ಟರಲ್ಲಿ ನಾವು ಚೊಳಚಗುಡ್ಡದ ಹತ್ತಿರ, ಶರ್ಯತ್ತಿನ ಜಾಗದಲ್ಲಿದ್ದೆವು. ಹೊಲಗಳ ನಡುವೆ ನೇರವಾದ ಮಣ್ಣಿನ ರಸ್ತೆ. ಎರಡೂ ಬದಿಗೆ ಬಿದಿರು ನೆಟ್ಟು ದೀಪ ಕಟ್ಟಿದ್ದರು. ಜನರೇಟರು ಗುಡುಗುಡು ಎನ್ನುತ್ತಿತ್ತು. ಒಂದು ತುದಿಯಿಂದ ಹೊರಟು, ಇನ್ನೊಂದು ತುದಿಯಲ್ಲಿ ಒಂದು ಕಂಬವನ್ನು ಸುತ್ತಿಕೊಂಡು, ಹೊರಟಲ್ಲಿಗೇ ಬರಬೇಕು. ಒಂದು ಪಾಳಿಗೆ ಮೂರು ಗಾಡಿ. ಬಾರಕೋಲು ಮುಟ್ಟಿದರೆ ಗಾಡಿ ಹೊರಗೆ. ಮಿರ್ಚಿ ಕರಿಯುವ ಘಮ, ಚುರುಮುರಿಗೆ ಈರುಳ್ಳಿ ಹೆಚ್ಚುವ ಸದ್ದು. ಬನಶಂಕರಿಯ ಗುಡಿಯ ಮುಂದೆ ರೊಟ್ಟಿ ಮಾರುವ ಹೆಂಗಸರು ಬುಟ್ಟಿ ಹೊತ್ತು ಇಲ್ಲಿಗೂ ಬಂದಿದ್ದರು. ಪುಣೆಯಲ್ಲಿ ಬೈನಾಕ್ಯುಲರ್ ಇಲ್ಲದೆ ಕುದುರೆಯ ಕಿವಿ ಕಾಣುತ್ತಿರಲಿಲ್ಲ. ಇಲ್ಲಿ ಅವುಗಳ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ನನಗೆ ಸಣ್ಣ ಹುಡುಗಿಯ ಹಾಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಮೈಕ್ ಹಿಡಿದಿದ್ದವನು ಗೆಳತಿಯನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದ. “ನಮಸ್ಕಾರ್ರಿ ಅಕ್ಕೋರ.” ಅವಳು ಮೈಕನ್ನು ಅವನ ಕೈಯಿಂದ ತೆಗೆದುಕೊಂಡಳು.

“ಕೇಳ್ರಿ ಎಲ್ಲಾರೂ. ಚಾಚಾನ ಕಂದು ಕುದರಿ ಪಾಳಿ ಬಂದಾಗ ಒಬ್ಬರೂ ಕೈ ಎತ್ತಂಗಿಲ್ಲ. ಯಾಕ ಅಂತ ನಿಮಗ ಗೊತ್ತೈತಿ, ಎಲ್ಲಾರೂ ಅಕಿ ಟಾಂಗಾದಾಗ ಕುಂತವ್ರs ಅದೀರಿ. ಬಾಯಿ ಎಷ್ಟ ಬೇಕಷ್ಟ ಮಾಡ್ರಿ. ಕೈ ಕಟಗೋರಿ.”

ಗುಂಪಿನಿಂದ ಒಬ್ಬ ಕೇಳಿದ: “ಅಕ್ಕೋರ, ಬೆರಳು ಬಾಯಾಗ ಇಡದs ಸೀಟಿ ಹೆಂಗ ಹೊಡೀಲಿ?”

“ನೀ ಎಂಟನೇ ಕ್ಲಾಸಿನ್ಯಾಗೂ ಇಂಥಾವೇ ಕೇಳತಿದ್ದಿ. ಹಲ್ಲಾಗ ಹೊಡಿ.”

ನಗು ಎದ್ದಿತು. ಸ್ಪರ್ಧೆಯ ಇತರ ಗಾಡಿಯವರೂ ನಕ್ಕರು. ಅವರ ಕುದುರೆಗಳಿಗೆ ಇದರಿಂದ ನಷ್ಟವೇನಿಲ್ಲವಲ್ಲ. ರಾಮಥಾಳದ ಕಡೆಯಿಂದ ಬಂದ ಒಂದು ಕಪ್ಪು ಕುದುರೆ ಅದೇ ಪಾಳಿಯಲ್ಲಿತ್ತು. ನೀರಾವರಿ ಬಂದ ಮೇಲೆ ಆ ಕಡೆ ಹಸಿ ಮೇವಿಗೆ ಬರವಿಲ್ಲ ಎನ್ನುತ್ತಿದ್ದರು. ಅದರ ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು.

ಅಷ್ಟಕ್ಕೇ ಬಿಡದೆ ಗೆಳತಿ ನನ್ನನ್ನು ಎಳೆದುಕೊಂಡು ರಸ್ತೆಯ ಉದ್ದಕ್ಕೂ ಹೊರಟಳು. ನಾನು ಹ್ಯಾಟ್ ಹಾಕಿಕೊಂಡು, ಎದೆಯ ಮೇಲೆ ಕೈಕಟ್ಟಿ, ಡೆಮಾನ್‌ಸ್ಟ್ರೇಷನ್ ಕೊಡುತ್ತ ನಡೆದೆ. ಮಿರ್ಚಿ ತಿನ್ನುತ್ತಿದ್ದವರು ಗಬಗಬ ಮುಗಿಸಿ ಕೈಕಟ್ಟಿದರು. ಒಬ್ಬ ರೊಟ್ಟಿಯಾಕೆ ಮಾತ್ರ ಒಪ್ಪಲಿಲ್ಲ.

“ತಲಿಮ್ಯಾಲ ಬುಟ್ಟಿ ಐತೆವ್ವಾ. ಕೈ ಬಿಟ್ರ ರೊಟ್ಟಿ ಮಣ್ಣಿಗೆ.”

“ಕೆಳಗ ಇಳಸು” ಎಂದಳು ಗೆಳತಿ.

“ಇಳಿಸಿದ್ರ ಏರಿಸಾವ್ರು ಯಾರು? ನೀ ಏರಸ್ತಿ?”

“ಈ ಟೋಪಿ ಅಕ್ಕಾ ಏರಸ್ತಾಳ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಅನ್ನಿಸಿತೋ, ಬುಟ್ಟಿ ಇಳಿಸಿ ಅದರ ಹಿಂದೆ ಕೈಕಟ್ಟಿ ಕುಳಿತಳು.

ಆ ಪಾಳಿ ಬಂತು. ಚಾಚಾ ಓಟ ಮುಗಿಯುವ ಗೆರೆಯ ಬಳಿ ಒಂದು ಕಲ್ಲಿನ ಮೇಲೆ ಕುಳಿತಿದ್ದರು, ರಸ್ತೆಗೆ ಬೆನ್ನು ಮಾಡಿ. ನೋಡಲಾಗುವುದಿಲ್ಲ ಎಂದರು. ನಾನು ಮತ್ತು ಗೆಳತಿ ಅವರ ಪಕ್ಕ ನಿಂತೆವು. ಮಗ ಹಗುರವಾದ ಶರ್ಯತ್ತಿನ ಗಾಡಿಯ ಹಲಗೆಯ ಮೇಲೆ ಮೊಣಕಾಲು ಮಡಚಿ ಕುಳಿತಿದ್ದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಪಟಾಕಿ ಸಿಡಿಯಿತು.

ಅಂಥ ನೋಟವನ್ನು ನಾನು ಇನ್ನೆಲ್ಲಿಯೂ ಕಾಣಲಾರೆ. ಗಾಡಿಗಳ ಹಿಂದೆ ಮೋಟರ್‌ಸೈಕಲ್ಲುಗಳು ಹಾರನ್ ಬಾರಿಸುತ್ತ ನುಗ್ಗಿದವು. ದೀಪದ ಬೆಳಕಿನಲ್ಲಿ ಧೂಳು ಹೊಗೆಯಂತೆ ಎದ್ದಿತು. ಎರಡೂ ಬದಿಗೆ ಸಾವಿರಾರು ಜನ, ಗಡ್ಡದವರು, ಪಟಗ ಸುತ್ತಿದವರು, ಜೀನ್ಸಿನವರು, ಹೆಂಗಸರು, ಎಲ್ಲರೂ ಒಳ್ಳೆಯ ಕಾನ್ವೆಂಟಿನ ಮಕ್ಕಳಂತೆ ಎದೆಯ ಮೇಲೆ ಕೈಕಟ್ಟಿಕೊಂಡು, ಕುತ್ತಿಗೆಯ ನರ ಬಿಗಿದು ಕಿರುಚುತ್ತಿದ್ದಾರೆ! ಕೈ ಆಡಿಸಲಾಗದ್ದಕ್ಕೆ ಭುಜ ಕುಣಿಸುತ್ತಿದ್ದಾರೆ, ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದಾರೆ. ಒಬ್ಬರು ಪಕ್ಕದವರ ಕೈಯನ್ನೇ ಅಮುಕಿ ಹಿಡಿದಿದ್ದಾರೆ. ನಮ್ಮ ಕಂದು ಕುದುರೆ ಕಪ್ಪು ಕುದುರೆಗೆ ಸರಿಸಮ, ಕತ್ತು ಚಾಚಿ ಹೋಗುತ್ತಿತ್ತು.

“ಓಡಾಕತ್ತಾಳ ಚಾಚಾ, ಓಡಾಕತ್ತಾಳ!” ಎಂದಳು ಗೆಳತಿ.

“ಕೇಳ್ಸಾಕತ್ತೈತಿ” ಎಂದರು ಅವರು, ತಿರುಗದೆ.

ನಾನು ಬೈನಾಕ್ಯುಲರನ್ನು ಕಣ್ಣಿಗೆ ಹಿಡಿದೆ. ಕಂಬ ಹತ್ತಿರವಾಯಿತು. ಕಂಬದ ಪಕ್ಕ ಕಮಿಟಿಯ ಒಬ್ಬ ಧಡೂತಿ ಮನುಷ್ಯ ನಿಶಾನೆ ಹಿಡಿದು ನಿಂತಿದ್ದ. ಪ್ರತಿ ಗಾಡಿ ಕಂಬ ಸುತ್ತಿದ್ದು ಸರಿಯಿದೆ ಎಂದು ತೋರಿಸಲು ನಿಶಾನೆ ಎತ್ತುವುದು ಅವನ ಕೆಲಸ. ಅದು ಹೊಳೆದದ್ದೇ ಗೆಳತಿಯ ಸೆರಗು ಜಗ್ಗಿದೆ. ಗೆಳತಿಗೂ ಅದೇ ಕ್ಷಣ ಹೊಳೆಯಿತು.

“ಅಯ್ಯs, ನಿಶಾನಿಯಾಂವಗ ಹೇಳಲೇ ಇಲ್ಲ!”

ಕಪ್ಪು ಕುದುರೆ ಸುತ್ತಿತು. ಅವನ ಕೈ ಮೇಲೇರಿತು. ನಮ್ಮ ಕುದುರೆ ಕಂಬ ಸುತ್ತಿ, ಎತ್ತಿದ ಕೈಯನ್ನು ನೋಡಿ, ವೇಗ ತಗ್ಗಿಸಿ, ಅವನ ಮುಂದೆ ಬಂದು ನಿಂತಿತು. ಯಾವ ತಪ್ಪೂ ಮಾಡದವಳ ಹಾಗೆ, ಬಲು ಮರ್ಯಾದೆಯಿಂದ. ಮೂರನೆಯ ಗಾಡಿ ಪಕ್ಕದಿಂದ ದಾಟಿ ಹೋಯಿತು. ರಸ್ತೆಯುದ್ದಕ್ಕೂ ಕೂಗು ಅಡಗಿತು. ಚಾಚಾ ಆಗಲೂ ತಿರುಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ನಿಂತ್ಲು” ಎಂದರು.

ಬೈನಾಕ್ಯುಲರಿನಲ್ಲಿ ನನಗೆ ಮಗ ಕಾಣಿಸುತ್ತಿದ್ದ. ಲಗಾಮು ಮೊಣಕಾಲಿನ ಮೇಲೆ ಸಡಿಲವಾಗಿ ಬಿದ್ದಿತ್ತು. ಅವನು ಇಳಿದರೆ ಮುಗಿಯಿತು. ಅವನಿಗೆ ಬೇಕಾದದ್ದು ತಾನಾಗಿ ಕೈಗೆ ಬಂದಿತ್ತು. ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ಒಮ್ಮೆ ನಮ್ಮ ಕಡೆಗೆ, ಅಪ್ಪನ ಕಡೆಗೆ, ಅಷ್ಟು ದೂರದಿಂದ ಕತ್ತು ತಿರುಗಿಸಿ ನೋಡಿದ. ಆಮೇಲೆ ನಿಶಾನೆಯವನಿಗೆ ಏನೋ ಹೇಳಿದ. ಅವನು ‘ನಾನಾ?’ ಎನ್ನುವಂತೆ ತನ್ನ ಎದೆ ಮುಟ್ಟಿಕೊಂಡ. ಮಗ ಸರಿದು ಹಲಗೆಯ ಹಿಂಭಾಗವನ್ನು ತಟ್ಟಿ ತೋರಿಸಿದ. ಆ ಧಡೂತಿ ಮನುಷ್ಯ ನಿಶಾನೆಯ ಸಮೇತ ಹಾರಿ ಕುಳಿತ. ಗಾಡಿ ಹಿಂದಕ್ಕೆ ವಾಲಿತು. ಕುದುರೆ ತಲೆ ಕೊಡವಿತು. ಹೊರಟಿತು.

“ಹೊಂಟ್ಲು!” ಎಂದು ನಾನು ಕಿರುಚಿದೆ.

ಹೌದು, ನಾನೇ. ಇಷ್ಟು ವರ್ಷದಲ್ಲಿ ಮೊದಲ ಸಲ. “ಕಮಾನ್! ಕಮಾನ್, ಮೈ ಗರ್ಲ್! ಬಾರs ನನ್ನವ್ವಾ!” ಹ್ಯಾಟ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಗಂಟಲು ಹರಿಯಿತು. ಬೈನಾಕ್ಯುಲರನ್ನು ಕೊರಳಿಗೆ ಬಿಟ್ಟು ಕೈ ಮಾತ್ರ ಮತ್ತೆ ಕಟ್ಟಿಕೊಂಡಿದ್ದೆ. ನಮ್ಮವರು ಹೇಳಿದ್ದು ಖರೆ, ಜೀವ ಹಗುರಾಗುತ್ತದೆ. ಅದನ್ನು ಅವರಿಗೆ ಹೇಳಲು ಆಗದೆ ಹೋದದ್ದಕ್ಕೋ, ಧೂಳಿಗೋ, ಕಣ್ಣಿನಲ್ಲಿ ನೀರು ಬಂತು.

ಜನ ನಗುತ್ತಲೇ ಅರಚುತ್ತಿದ್ದರು. ಹಿಂದೆ ಕುಳಿತ ದೊಡ್ಡ ದೇಹ ಕುಪ್ಪಳಿಸಿ ಕುಪ್ಪಳಿಸಿ ಬೀಳುತ್ತಿತ್ತು. ಅವನ ನಿಶಾನೆ ಗಾಳಿಯಲ್ಲಿ ಪಟಪಟ ಹಾರುತ್ತಿತ್ತು. ಅಷ್ಟು ಭಾರ ಹೊತ್ತರೂ ಕುದುರೆ ತನ್ನನ್ನು ದಾಟಿ ಹೋಗಿದ್ದ ಗಾಡಿಯ ಬೆನ್ನು ಹತ್ತಿತು. ಹಿಂದಿಕ್ಕಲು ಆಗಲಿಲ್ಲ. ಮಗ ಮುಂದಕ್ಕೆ ಬಾಗಿ ಅದರ ಕಿವಿಗೆ ಬೀಳುವ ಹಾಗೆ ಏನೇನೋ ಹೇಳುತ್ತಿದ್ದ. ನಡುವೆ ಒಂದು ಕಡೆಯೂ ನಿಲ್ಲಲಿಲ್ಲ. ಗೆರೆ ದಾಟಿದಾಗ ಮೈಕಿನವನು ಕೂಗಿದ: “ಮೂರನೇ ನಂಬರ, ಒಬ್ಬ ಪ್ಯಾಸೆಂಜರ್ ಸಮೇತ!”

ಗೆರೆ ದಾಟಿತಲ್ಲ, ಇನ್ನೇನು ಎಂದು ಸಾವಿರಾರು ಕೈಗಳು ಒಟ್ಟಿಗೆ ಮೇಲೆದ್ದವು. ಕುದುರೆ ಅಲ್ಲೇ ನಿಂತಿತು. ಎಲ್ಲರನ್ನೂ ಹತ್ತಿಸಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿರುವ ಹಾಗೆ ಅತ್ತಿತ್ತ ನೋಡಿತು. ಗೆದ್ದ ಕಪ್ಪು ಕುದುರೆಯ ಮಾಲೀಕ ನಗುತ್ತ ಬಂದು, ತನ್ನ ಕುದುರೆಗೆ ಎರಚಿ ಉಳಿದ ಗುಲಾಲನ್ನು ಇದರ ಹಣೆಗೂ ಬಳಿದ.

ಗುಂಪು ಸೇರಿತು. ಶರ್ತದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಒಬ್ಬ ಆಟೋದವನು ಮಗನ ಬೆನ್ನಿಗೆ ಗುದ್ದಿ, “ಲೇ, ನಿಂತಿತಲ್ಲೋ! ಶರ್ತ ಏನಾತು?” ಎಂದ.

ಮಗ ಬಾಯಿ ತೆರೆಯುವ ಮೊದಲೇ ಚಾಚಾ ಮುಂದೆ ಬಂದರು. ಒಂದು ಕೈ ಲಗಾಮಿನ ಮೇಲಿತ್ತು. “ನಿಂತ್ಲು. ಖರೆ ಐತಿ. ನಾ ಮಾತು ತಿರಗಸೂದಿಲ್ಲ. ಸೋಮವಾರ ಬ್ಯಾಂಡಿನವ್ರು ಬರ್ಲಿ.” ದನಿ ಗಟ್ಟಿಯಾಗಿಯೇ ಇತ್ತು. ಲಗಾಮನ್ನು ಮಾತ್ರ ಬಿಡಲಿಲ್ಲ.

ಗೆಳತಿ ಏನೋ ಹೇಳಹೊರಟಳು. ನಾನು ಅವಳ ತೋಳು ಹಿಡಿದೆ. ಅದು ನಮ್ಮ ಮಾತಲ್ಲ.

ಮಗ ಹೆಗಲ ಮೇಲಿನ ಟವೆಲ್ಲಿನಿಂದ ಕುದುರೆಯ ಕುತ್ತಿಗೆಯ ಬೆವರು ಒರೆಸುತ್ತಿದ್ದ. ಬಹಳ ಹೊತ್ತು ಒರೆಸಿದ. ಆಮೇಲೆ ಅಪ್ಪನ ಕಡೆ ನೋಡದೆಯೇ ಹೇಳಿದ: “ನಿಂತಿಲ್ಲ. ಪ್ಯಾಸೆಂಜರ್ ಹತ್ತಿಸಿಕೊಂಡ್ಲು.”

ಆಟೋದವನು ಹೋ ಎಂದು ನಕ್ಕ. ಮಗ ನಗಲಿಲ್ಲ.

“ಅಲ್ಲಬ್ಬಾ, ಅಂವಾ ಕುಂತ ಮ್ಯಾಲೆ ನಾ ಸುಮ್ನ ‘ಬನಶಂಕರಿ, ಬನಶಂಕರಿ’ ಅಂದ್ನಿ. ನೀ ಸ್ಟೇಷನ್ನಿನ್ಯಾಗ ಒದರತಿದ್ದಿ ನೋಡು, ಹಂಗ. ಕಿವಿ ಹಿಂದಕ್ಕ ತಿರಿಗಿಸಿದ್ಲು. ನಿನ್ನ ದನೀನs ಅಂದ್ಕೊಂಡ್ಲು. ಆಮ್ಯಾಲ ದಾರ್ಯಾಗ ಎಷ್ಟ ಮಂದಿ ಇದ್ರೂ ನನ್ನ ಮಾತೊಂದs ಕೇಳಿದ್ಲು.”

ಚಾಚಾ ಕುದುರೆಯ ಕಿವಿ ಸವರಿದರು.

“ದೊಡ್ಡ ರೋಡಿಗೆ ತರಾಂಗಿಲ್ಲ” ಎಂದ ಮಗ. “ಅದು ನನ್ನ ಮಾತು. ಗುಡಿ ಒಳದಾರ್ಯಾಗ ಹೊಡಿ, ಅಲ್ಲಿ ಲಾರಿ ಇಲ್ಲ. ಊರು ನೋಡಾಕ ಬರೂ ಮಂದಿಗೆ ಟಾಂಗಾ ಭಾಳ ಸೇರ್ತೈತಿ. ಮುಂಜಾನೆ ನಾನೂ ಬರ್ತೇನಿ, ಆಟೋ ಮಧ್ಯಾಹ್ನಕ್ಕ ತಗೀತೇನಿ.”

“ಮತ್ತ ಬ್ಯಾಂಡಿನವ್ರು?”

“ಬರ್ಲಿ. ಚಹಾ ಕುಡಿಸಿ ಕಳಸೂಣು.”

ಚಾಚಾ ಟೋಪಿಯನ್ನು ಝಾಡಿಸಿ ತಲೆಗೆ ಇಟ್ಟುಕೊಂಡರು. ಮಗನನ್ನು ಅಳೆಯುವ ಹಾಗೆ ನೋಡಿದರು.

“ಮುಂಜಾನೆ ಅಂದ್ರ ನಿನ್ನ ಮುಂಜಾನೆ ಅಲ್ಲಪಾ. ಕೋಳಿ ಕೂಗೂಕಿಂತ ಮೊದ್ಲ ಅಕಿಗೆ ನೀರು ತೋರಿಸಬೇಕು. ಏಳತೀಯೇನ?”

“ಎಬ್ಬಿಸು” ಎಂದ ಮಗ.